ಒದ್ದೆ ಬಟ್ಟೆಯ ತೂಕ

ಮಗಳನ್ನು ಎಂಜಿನಿಯರಿಂಗ್‌ಗೆ ಸೇರಿಸಿ ಕೊನೆಗೆ ಬಟ್ಟೆ ಒಗೆಯುವುದಕ್ಕೆ ಕಳಿಸಿದರು ಎಂದು ನಮ್ಮತ್ತೆ ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಮಾತು ಪೂರ್ತಿ ಸುಳ್ಳೂ ಅಲ್ಲ. ಮೂರನೇ ವರ್ಷ ಮುಗಿದ ಮೇಲೆ ಒಂದು ವರ್ಷ ಯಾವುದಾದರೂ ದೊಡ್ಡ ಕಂಪನಿಯಲ್ಲಿ ಕೆಲಸ ಕಲಿತು, ಆಮೇಲೆ ಬಂದು ಕೊನೆಯ ವರ್ಷ ಓದಬೇಕು ಎಂಬುದು ಅವಳ ಕಾಲೇಜಿನ ನಿಯಮ. ನಮ್ಮ ಚುಕ್ಕಿಗೆ ಸಿಕ್ಕಿದ್ದು ವಾಷಿಂಗ್ ಮಷೀನ್ ತಯಾರಿಸುವ ಕಂಪನಿ. ಎಂಟು ಸಾವಿರ ಜನ ದುಡಿಯುವ ಜಾಗ, ನಮ್ಮ ಮನೆಯಿಂದ ಹನ್ನೊಂದು ಗಂಟೆಯ ರೈಲು ದಾರಿ.

ಅಲ್ಲಿ ಅವಳನ್ನು ಹಾಕಿದ್ದು ಪರೀಕ್ಷಾ ವಿಭಾಗಕ್ಕೆ. ಬಿಳಿ ಚಾದರ, ದಿಂಬಿನ ಕವರು, ಟವೆಲುಗಳನ್ನು ಮಷೀನಿಗೆ ತುಂಬುವುದು, ತೆಗೆಯುವುದು, ತೂಗುವುದು, ಬರೆದಿಡುವುದು. ವಿಭಾಗದ ಮುಖ್ಯಸ್ಥೆಗೆ ಅಲ್ಲಿನವರು ಇಟ್ಟ ಹೆಸರು ತಕ್ಕಡಿ ಮೇಡಂ. ಯಾವುದನ್ನೇ ಆಗಲಿ ತೂಗಿ ನೋಡಿದ ಮೇಲೆಯೇ ನಂಬುವ ಹೆಂಗಸಂತೆ. ವರ್ಷದ ಕೊನೆಗೆ ಅವರು ಸಹಿ ಹಾಕಿದರೆ ಮಾತ್ರ ಕಾಲೇಜು ಆ ವರ್ಷವನ್ನು ಒಪ್ಪುವುದು. ಹಿಂದಿನ ಸಲ ಅಂಕಿಗಳನ್ನು ಅಂದಾಜಿನ ಮೇಲೆ ಬರೆದ ಒಬ್ಬಳನ್ನು ಐದೇ ತಿಂಗಳಿಗೆ ವಾಪಸ್ ಕಳಿಸಿದ್ದರಂತೆ.

ಮೊದಮೊದಲು ಫೋನಿನಲ್ಲಿ ಬಟ್ಟೆಯದೇ ಪುರಾಣ.

"ಪ್ರತಿ ಟವೆಲಿನ ಅಂಚಲ್ಲೂ ಅದು ಎಷ್ಟು ಸಲ ಒಗೆಸಿಕೊಂಡಿದೆ ಅಂತ ಬರ್ದಿರ್ತೀವಿ ಅಜ್ಜಿ. ಎಂಬತ್ತಾದ್ರೆ ನಿವೃತ್ತಿ."

"ಎಂಬತ್ತಕ್ಕೇ ನಿವೃತ್ತಿನಾ? ನಂಗೆ ಎಂಬತ್ತೊಂದು, ನಿಮ್ಮಮ್ಮ ಇನ್ನೂ ಬೆಳ್ಳುಳ್ಳಿ ಸುಲಿಸ್ತಿದಾಳೆ ನೋಡು."

"ಮತ್ತೆ ಗೊತ್ತಾ, ಕೊಳೇನೂ ಅಳತೆ ಮಾಡಿ ಪೊಟ್ಟಣ ಕಟ್ಟಿ ಎಲ್ಲಿಂದಲೋ ತರಿಸ್ತಾರೆ. ಎಲ್ಲಾ ಬಟ್ಟೆಗೂ ಒಂದೇ ಥರ ಕೊಳೆ ಇರ್ಬೇಕಲ್ಲ."

"ಅಯ್ಯೋ, ಅಷ್ಟು ದೂರದಿಂದ ಯಾಕೆ? ನಿಮ್ಮಪ್ಪನ ಕಾಲರು ಕಳಿಸ್ತೀನಿ ತಗೋ."

ನನ್ನವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಪೇಪರಿನ ಹಿಂದಿನಿಂದ, "ನನ್ನ ಕಾಲರಿಗೆ ಆ ಮಷೀನೇ ರಾಜೀನಾಮೆ ಕೊಡುತ್ತೆ" ಎನ್ನುತ್ತಿದ್ದರು.

ಹೀಗೆ ನಗುತ್ತಲೇ ಏಳು ತಿಂಗಳು ಹೋದವು. ಬಾಚಣಿಗೆಯಲ್ಲಿ ಕೂದಲು ಹಾಗೇ ಬಿಡುತ್ತಾಳೆ ಎಂದು ದಿನಾ ಬೈಯುತ್ತಿದ್ದವಳು ನಾನು. ಈಗ ಬಾಚಣಿಗೆ ವಾರಗಟ್ಟಲೆ ಚೊಕ್ಕಟವಾಗಿರುತ್ತಿತ್ತು. ಅತ್ತೆಯ ಕನ್ನಡಕ ಕಾಣದಿದ್ದರೆ ಬಾಯಿಗೆ ಮೊದಲು ಬರುವುದು "ಚುಕ್ಕೀ, ನೋಡೇ" ಎಂದೇ. ಒಲೆಯ ಮುಂದೆ ನಿಂತವಳು ಹಿಂದೆ ಯಾರೋ ಬಂದು ಡಬ್ಬಿಯ ಮುಚ್ಚಳ ತೆಗೆದ ಹಾಗಾಗಿ ತಿರುಗುತ್ತಿದ್ದೆ. ಯಾರೂ ಇರುತ್ತಿರಲಿಲ್ಲ. ಎಂಟನೇ ತಿಂಗಳಲ್ಲಿ ಅವಳಿಗೆ ಹತ್ತು ದಿನ ರಜೆ ಎಂದು ಗೊತ್ತಾದ ಮೇಲಂತೂ ನನಗೆ ಬೇರೆ ದಿನಗಳ ಮೇಲೆ ಲಕ್ಷ್ಯವೇ ಹೋಯಿತು.

ಆ ಹೊತ್ತಿಗೆ ಅವಳ ಕೈಗೆ ಒಂದು ಹೊಸ ಮಷೀನು ಬಂದಿತ್ತು, ಇನ್ನೂ ಅಂಗಡಿಗೆ ಹೋಗದೆ ಇದ್ದದ್ದು. ಅದು ಬಟ್ಟೆಯನ್ನು ಎಷ್ಟು ಚೆನ್ನಾಗಿ ಹಿಂಡುತ್ತದೆ ಎಂದು ನೋಡುವುದು ಕೆಲಸ. ಒಣ ಬಟ್ಟೆಯನ್ನು ತೂಗಿ, ಒಗೆದು, ಹಿಂಡಿದ ಮೇಲೆ ಒದ್ದೆಯಲ್ಲೇ ಮತ್ತೆ ತೂಗುತ್ತಾರೆ. ತೂಕ ಕಡಿಮೆ ಬಂದಷ್ಟೂ ಮಷೀನು ಜಾಣ. ಮೂರು ವಾರದಲ್ಲಿ ಇಪ್ಪತ್ತನಾಲ್ಕು ಪರೀಕ್ಷೆ. ಪ್ರತಿ ಸಲವೂ ಹೊಸದು, ಹಳೆಯ ಮಷೀನಿಗೆ ಹಿಂದೆ ಬೇರೆಯವರು ಬರೆದಿಟ್ಟ ಅಂಕಿಯನ್ನು ಸೋಲಿಸಿತು. ತಕ್ಕಡಿ ಮೇಡಂ ಅವಳ ಹಾಳೆ ನೋಡಿ "ಪರವಾಗಿಲ್ಲ" ಎಂದರಂತೆ. ಆ ಕಟ್ಟಡದಲ್ಲಿ ಆ ಪದ ಯಾರ ಕಿವಿಗೂ ಬಿದ್ದಿರಲಿಲ್ಲವಂತೆ.

ಒಂದು ಭಾನುವಾರ ಬೆಳಿಗ್ಗೆ ನಾನು ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ವಿಡಿಯೋದಲ್ಲಿ ಚುಕ್ಕಿ. ಫೋನನ್ನು ನೀರಿನ ತೊಟ್ಟಿಗೆ ಒರಗಿಸಿಟ್ಟು ಮಾತಾಡುತ್ತಲೇ ಕೆಲಸ ಮಾಡುತ್ತಿದ್ದೆ. ಚಾದರವನ್ನು ಬಕೆಟ್ಟಿನಿಂದೆತ್ತಿ, ಎರಡು ತುದಿ ಹಿಡಿದು, ಫಟ್ ಫಟ್ ಎಂದು ಎರಡು ಸಲ ಕೊಡವಿದೆ. ಹನಿಗಳು ಫೋನಿನ ಗಾಜಿನ ಮೇಲೂ ಹಾರಿದವು. ಕೊಡವದೆ ಹಗ್ಗಕ್ಕೆ ಹಾಕಿದ ಬಟ್ಟೆಯನ್ನು ನಮ್ಮಮ್ಮ ಕೆಳಗಿಳಿಸಿ ನನ್ನ ಕೈಗೇ ಕೊಡುತ್ತಿದ್ದಳು. ಚುಕ್ಕಿಗೂ ನಾನು ಹಾಗೆಯೇ ಕಲಿಸಿದ್ದೆ.

"ಅಮ್ಮ, ಇನ್ನೊಂದು ಸಲ ಮಾಡು."

"ಏನನ್ನು?"

"ಅದೇ, ಈಗ ಮಾಡಿದ್ಯಲ್ಲ."

ಇನ್ನೊಂದು ಟವೆಲು ತೆಗೆದು ಕೊಡವಿದೆ. ಗಾಜು ಒರೆಸಿ ನೋಡಿದರೆ ಅವಳ ಮುಖ ಬಿಳಿಚಿಕೊಂಡಿತ್ತು.

"ನಾನೂ ಹಾಗೇ ಮಾಡ್ತೀನಮ್ಮ. ಮಷೀನಿಂದ ತೆಗ್ದು, ತೂಕಕ್ಕೆ ಇಡೋ ಮುಂಚೆ. ತೆಗೆದ ಹಾಗೇ ಇಡಬೇಕು ಅಂತ ಪರೀಕ್ಷೆ ನಿಯಮದ ಪುಸ್ತಕದಲ್ಲಿದೆ. ನಾನು ಹಾಗೇ ಇಡ್ತಿದೀನಿ ಅಂದ್ಕೊಂಡಿದ್ದೆ. ಕೈ ತನ್ನ ಪಾಡಿಗೆ ತಾನು ಕೊಡವಿಬಿಟ್ಟಿದೆ."

"ನಾಲ್ಕು ಹನಿ ಹೋದ್ರೆ ಏನಾಯ್ತೇ?"

"ನಲವತ್ತೊಂದು ಬಟ್ಟೆ. ಒಂದೊಂದ್ರಲ್ಲಿ ನಾಲ್ಕು ಹನಿ. ಹಳೇ ಮಷೀನನ್ನ ಪರೀಕ್ಷೆ ಮಾಡಿದವರು ಕೊಡವಿರಲ್ಲ. ಹೊಸದು ಗೆದ್ದಿರೋದು ಅದಕ್ಕೇ ಇರಬಹುದು."

"ಯಾರೂ ನೋಡ್ಲಿಲ್ವಾ?"

"ಆ ರೂಮಲ್ಲಿ ನಾನೊಬ್ಳೇ ಇರೋದು. ಬಾಗಿಲು ತೆಗೆದ್ರೆ ಒಳಗಿನ ಶಾಖ, ತೇವದ ಹದ ಕೆಡುತ್ತೆ ಅಂತ ಯಾರೂ ಬರಲ್ಲ."

"ನಾಳೆಯಿಂದ ನಿಲ್ಲಿಸಿಬಿಡು."

"ತೂಕ ಏರುತ್ತೆ. ಯಾಕೆ ಏರಿತು ಅಂತ ಕೇಳ್ತಾರೆ."

"ನಿಲ್ಲಿಸದೆ ಇದ್ರೆ?"

"ಯಾರಿಗೂ ಗೊತ್ತಾಗಲ್ಲ. ಹೇಳಿದ್ರೆ ವಾಪಸ್ ಕಳಿಸಬಹುದು. ಏನು ಮಾಡ್ಲಮ್ಮ?"

ನಾಚಿಕೆ ಬಿಟ್ಟು ಹೇಳಬೇಕೆಂದರೆ, ಆ "ಕಳಿಸಬಹುದು" ಕಿವಿಗೆ ಬಿದ್ದಾಗ ನನ್ನ ಎದೆಯೊಳಗೆ ಏನೋ ಕುಣಿಯಿತು. ಗುರುವಾರದೊಳಗೆ ಬಂದುಬಿಡಬಹುದು ಎಂದು ಲೆಕ್ಕ ಹಾಕಿಯೂ ಆಗಿತ್ತು. ಬಾಗಿಲಲ್ಲಿ ಚಪ್ಪಲಿ ಒಂದು ದಿಕ್ಕಿಗೊಂದು ಎಸೆದು, "ಹಸಿವು" ಎನ್ನುತ್ತಾ ಒಳಗೆ ಬರುವುದು ಕಣ್ಣಿಗೆ ಕಟ್ಟಿತು. ಅದರ ಬೆನ್ನಿಗೇ ಇನ್ನೊಂದು ನೆನಪಾಯಿತು. ಈ ಕಂಪನಿಯ ಪತ್ರ ಬಂದ ದಿನ ಅವಳು ಅದನ್ನು ನಾಲ್ಕು ಸಲ ಗಟ್ಟಿಯಾಗಿ ಓದಿದ್ದಳು, ನಾಲ್ಕನೆಯ ಸಲ ಗೋಡೆಗೆ.

"ನಾಳೆ ಮಧ್ಯಾಹ್ನ ಫೋನ್ ಮಾಡು, ಹೇಳ್ತೀನಿ" ಎಂದೆ.

ಅವತ್ತು ಹಾಲು ಉಕ್ಕಿತು, ಅನ್ನ ತಳ ಹಿಡಿಯಿತು. ನನ್ನವರಿಗೆ ವಿಷಯ ಹೇಳಿದೆ. "ಬ್ರೇಕು ಸರಿ ಇಲ್ಲ ಅಂತ ಗೊತ್ತಿದ್ದೂ ಬಸ್ಸು ಆಚೆ ಬಿಡೋದಾ?" ಎಂದು ಹೇಳಿ ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು. ಅವರಿಗೆ ಅಷ್ಟು ಸಲೀಸು. ಉತ್ತರ ನನಗೂ ಗೊತ್ತಿತ್ತು. ಆದರೆ ಅದು ನನ್ನ ಬಾಯಿಂದ ಬಂದರೆ ಅದರಲ್ಲಿ ಮಗಳ ಒಳಿತು ಎಷ್ಟು, ನನ್ನ ಆಸೆ ಎಷ್ಟು ಎಂದು ನನಗೇ ಬಿಡಿಸಿ ನೋಡಲು ಆಗುತ್ತಿರಲಿಲ್ಲ.

ಅತ್ತೆ ಬೆಳ್ಳುಳ್ಳಿ ಸುಲಿಯುತ್ತಾ, ತಲೆ ಎತ್ತದೆ ಹೇಳಿದರು, "ಅವಳು ಬಂದ್ಬಿಡ್ಲಿ ಅಂತ ನಿಂಗೆ ಆಸೆ. ಅದಕ್ಕೇ ಬಾಯಿ ಬರ್ತಿಲ್ಲ."

"ಹಾಗೇನಿಲ್ಲ ಅತ್ತೆ."

"ಇದ್ರೆ ಇರ್ಲಿ ಬಿಡೇ. ನಂಗಿಲ್ವಾ? ಆಸೆ ಇದೆ ಅಂತ ಸರಿಯಾದ ಮಾತು ನುಂಗ್ಕೊಂಡು ಕೂತ್ಕೊಳ್ಳೋಕಾಗುತ್ತಾ?"

ಸೋಮವಾರ ಮಧ್ಯಾಹ್ನ ಫೋನು ಬಂತು. "ಹೇಳಿಬಿಡು" ಎಂದೆ.

"ಅಷ್ಟೇನಾ?"

"ಅಷ್ಟೇ. ಊಟ ಮಾಡ್ಕೊಂಡು ಹೋಗಿ ಹೇಳು."

ಆಮೇಲೆ ಎರಡು ದಿನ ಸುದ್ದಿಯೇ ಇಲ್ಲ. ಮಂಗಳವಾರ ನಾನು ಅವಳ ಮಂಚದ ಹಾಸಿಗೆಯನ್ನು ಬಿಸಿಲಿಗೆ ಹಾಕಿದೆ. ಸುಮ್ಮನೆ ಎಂಬಂತೆ ರೈಲಿನ ಸಮಯ ವಿಚಾರಿಸಿದೆ. ನನ್ನವರು ಉತ್ತರ ಕೊಟ್ಟರು; ಯಾಕೆ ಎಂದು ಕೇಳಲಿಲ್ಲ.

ಬುಧವಾರ ಸಂಜೆ ಆರೂವರೆ. ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ.

"ಅಮ್ಮ, ಇಪ್ಪತ್ನಾಲ್ಕೂ ಮತ್ತೆ ಮಾಡ್ಬೇಕಂತೆ."

"ಅಂದ್ರೆ, ಕಳಿಸಲ್ಲ?"

"ಕಳಿಸಲ್ಲ. ಮೇಡಂ ನನ್ನ ಕೈಲೇ ನಲವತ್ತೊಂದು ಬಟ್ಟೆನೂ ಒಂದೊಂದಾಗಿ ಕೊಡವಿಸಿ ತೂಗಿ ನೋಡಿದ್ರು. ಒಟ್ಟು ಅರವತ್ನಾಲ್ಕು ಗ್ರಾಂ ಹೋಗ್ತಿತ್ತು. ಹೊಸ ಮಷೀನು ಗೆದ್ದಿದ್ದೂ ಹೆಚ್ಚುಕಮ್ಮಿ ಅಷ್ಟರಲ್ಲೇ."

"ಬೈದ್ರಾ?"

"ಬೈಲಿಲ್ಲ. ಬೈದಿದ್ರೆ ವಾಸಿ ಇತ್ತು. ಇದನ್ನ ಯಾರು ಕಲಿಸಿದ್ದು ಅಂತ ಮಾತ್ರ ಕೇಳಿದ್ರು. ನಮ್ಮಮ್ಮ ಅಂದೆ. ಕಂಪ್ಯೂಟರ್ ತೆಗ್ದು ಪುಸ್ತಕಕ್ಕೆ ಒಂದು ಸಾಲು ಸೇರಿಸಿದ್ರು, 'ತೂಗುವ ಮೊದಲು ಬಟ್ಟೆಯನ್ನು ಕೊಡವಬಾರದು' ಅಂತ. ಎಲ್ಲಾ ಫ್ಯಾಕ್ಟರಿಗೂ ಹೋಗುತ್ತಂತೆ."

ಫೋನಿನ ಸ್ಪೀಕರಿಗೆ ಕಿವಿ ಕೊಟ್ಟು ಕೂತಿದ್ದ ಅತ್ತೆ ತೊಡೆ ತಟ್ಟಿಕೊಂಡರು. "ಇಪ್ಪತ್ತೈದು ವರ್ಷದಿಂದ ಹುಡುಕ್ತಿದೀನಿ, ಈ ಸೊಸೆ ಕೆಲಸದಲ್ಲಿ ಒಂದು ತಪ್ಪು ಸಿಕ್ಕಿರ್ಲಿಲ್ಲ. ಆ ಹೆಂಗಸು ಎರಡೇ ದಿನಕ್ಕೆ ಹಿಡಿದ್ಲು ನೋಡು!"

ಎಲ್ಲರೂ ನಕ್ಕೆವು. ನಗು ಮುಗಿದ ಮೇಲೆ ನಾನು ಕೇಳಲಿಲ್ಲ, ಅವಳೇ ಹೇಳಿದಳು.

"ರಜೆ ಹೋಯ್ತಮ್ಮ. ಆ ಹತ್ತು ದಿನಾನೂ ಇದಕ್ಕೇ ಬೇಕು. ಇನ್ನು ವರ್ಷ ಮುಗಿದ ಮೇಲೇ ಬರೋದು."

"ಸರಿ" ಎಂದೆ. ಇನ್ನೂ ನಾಲ್ಕೂವರೆ ತಿಂಗಳು. ಕೈಯಲ್ಲಿದ್ದ ಹುರುಳಿಕಾಯಿಯನ್ನು ನಾರಿನ ರಾಶಿಗೆ ಹಾಕಿ, ನಾರನ್ನು ಪಾತ್ರೆಗೆ ಹಾಕಿದೆ. ಅತ್ತೆ ಅದನ್ನು ನೋಡಿಯೂ ನೋಡದವರಂತೆ ಎದ್ದು ಹಜಾರಕ್ಕೆ ಹೋದರು.

"ಅಮ್ಮ, ಒಂದು ಕೇಳ್ಲಾ? ಹೇಳಿಬಿಡು ಅಂದ್ಯಲ್ಲ, ನಾನು ವಾಪಸ್ ಬಂದ್ಬಿಡ್ಲಿ ಅಂತಾನಾ?"

ಇಲ್ಲ ಕಣೇ ಎನ್ನಬಹುದಿತ್ತು. ಆದರೆ ಅವಳಿಗೆ ನಿಜ ಹೇಳು ಎಂದು ಹೇಳಿ ಮೂರು ದಿನವೂ ಪೂರ್ತಿ ಆಗಿರಲಿಲ್ಲ.

"ಅರ್ಧ ಅದಕ್ಕೇ" ಎಂದೆ.

ಆ ಕಡೆ ಮಷೀನು ಗುಂಯ್ ಎನ್ನುತ್ತಿರುವುದು ಕೇಳಿಸುತ್ತಿತ್ತು.

"ನಾನೂ ಅರ್ಧ ಅದಕ್ಕೇ ಹೋಗಿ ಹೇಳಿದ್ದು" ಎಂದಳು. "ಮೇಡಂ ಎದುರು ನಿಂತ್ಕೊಂಡು, ಕಳಿಸಿಬಿಡ್ಲಿ, ಮನೆಗೆ ಹೋಗ್ಬಿಡ್ತೀನಿ ಅಂತ ಅಂದ್ಕೋತಿದ್ದೆ. ಆಮೇಲೆ ಅವರು ಮತ್ತೆ ಮಾಡು ಅಂದ್ರಲ್ಲ, ಆಗ ಖುಷಿನೂ ಆಯ್ತು. ಅಳೂನೂ ಬಂತು. ಯಾಕೆ ಅಂತ ಗೊತ್ತಿಲ್ಲ."

"ಗೊತ್ತಿಲ್ಲದಿದ್ರೆ ಬಿಡು. ನಂಗೂ ಇಲ್ಲಿ ಅದೇ ಗತಿ."

"ಅಯ್ಯೋ, ಮಷೀನು ನಿಂತಿತು. ಇಡ್ತೀನಮ್ಮ, ಬಟ್ಟೆ ತೆಗೀಬೇಕು."

"ಇಡಬೇಡ. ಫೋನು ಅಲ್ಲೇ ಎಲ್ಲಾದ್ರೂ ಇಟ್ಟು ಕೆಲಸ ಮಾಡು. ಮಾತಾಡೋದೇನೂ ಬೇಡ."

ಅವಳು ಇಟ್ಟಳು. ಮಷೀನಿನ ಬಾಗಿಲು ತೆರೆದ ಸದ್ದಾಯಿತು, ಒದ್ದೆ ಬಟ್ಟೆ ತಕ್ಕಡಿಯ ತಟ್ಟೆಯ ಮೇಲೆ ಕೂತ ಮೆತ್ತನೆಯ ಸದ್ದು. ಆಮೇಲೆ ಅವಳ ದನಿ, ತನಗೆ ತಾನೇ ಹೇಳಿಕೊಳ್ಳುವ ಹಾಗೆ, "ಇನ್ನೂರ ಹದಿನೆಂಟು." ಮತ್ತೊಂದು ಬಟ್ಟೆ. "ಇನ್ನೂರ ಇಪ್ಪತ್ತೊಂದು." ನಾನು ಪಾತ್ರೆಯಿಂದ ನಾರು ಹೆಕ್ಕಿ ತೆಗೆದು ಹುರುಳಿಕಾಯಿ ಮುಂದುವರಿಸಿದೆ.

"ಏನಂತೆ?" ಹಜಾರದಿಂದ ಅತ್ತೆ ಕೂಗಿದರು.

"ಕೆಲಸ ಮಾಡ್ತಿದಾಳೆ ಅತ್ತೆ," ಎಂದೆ, ಅಲ್ಲಿ ಅವಳ ಅಂಕಿ ತಪ್ಪದಿರಲೆಂದು ದನಿ ತಗ್ಗಿಸಿ.