ಹಾಡುವವರ ಎಡಪಕ್ಕ

ವೈತಿಲಿಂಗಂ ಪಿಳ್ಳೈಗೆ ನಲವತ್ತು ದಾಟಿತ್ತು. ಕುಂಭಕೋಣದ ಸುತ್ತಮುತ್ತ ನಾಟ್ಯಕ್ಕೋ ಹರಿಕಥೆಗೋ ಮೃದಂಗ ಬೇಕೆಂದರೆ ಅವರನ್ನೇ ಕರೆಯುತ್ತಿದ್ದರು. ಹಾಡುಗಾರಿಕೆಯ ಕಛೇರಿಗೆ ಮಾತ್ರ ಯಾರೂ ಕರೆಯುತ್ತಿರಲಿಲ್ಲ. ವಿದ್ಯೆಯಲ್ಲಿ ಕೊರತೆಯಿರಲಿಲ್ಲ. ಅವರದು ಎಡಗೈ.

ಚಿಕ್ಕಂದಿನಲ್ಲಿ ಗುರುಗಳು ಆ ಕೈಯನ್ನು ಒದ್ದೆ ಪಂಚೆಯಿಂದ ಸೊಂಟಕ್ಕೆ ಕಟ್ಟಿ ನೋಡಿದ್ದರು. ಬಲಗೈಯಲ್ಲಿ ಪಾಠ ಬಂತು, ನಾದ ಬರಲಿಲ್ಲ. ಕೊನೆಗೆ ಅವರೇ ಕಟ್ಟು ಬಿಚ್ಚಿ, "ನಿನ್ನ ಹಣೆಬರಹ ಎಡಗೈಯಲ್ಲೇ ಬರೆದಿದೆ ಕಣೋ, ಬಾರಿಸು" ಅಂದಿದ್ದರು.

ಮೃದಂಗದ ಮಾತೆಲ್ಲ ಇರುವುದು ಕಪ್ಪು ಕರಣೆ ಮೆತ್ತಿದ ಮುಖದಲ್ಲಿ. ಆ ಮುಖ ಜನರ ಕಡೆಗಿರಬೇಕು. ಅದಕ್ಕೇ ಆ ಮುಖವನ್ನು ಬಲಗೈಯಲ್ಲಿ ಬಾರಿಸುವವರು ಹಾಡುವವರ ಬಲಕ್ಕೆ ಕೂರುತ್ತಾರೆ, ಪಿಟೀಲಿನವರು ಎಡಕ್ಕೆ. ಎಡಗೈಯ ಪಿಳ್ಳೈ ಎಡಕ್ಕೆ ಕೂರಬೇಕಾದರೆ ಪಿಟೀಲಿನವರು ಜಾಗ ಬಿಟ್ಟು ಬಲಕ್ಕೆ ಹೋಗಬೇಕು. ಇಷ್ಟು ವರ್ಷ ಯಾರೂ ಹೋಗಿರಲಿಲ್ಲ.

ಆ ವರ್ಷದ ರಾಮನವಮಿ ಚಪ್ಪರದಲ್ಲಿ ಮರಗತಮ್ಮಾಳ್ ಹಾಡುವುದಿತ್ತು. ಮೃದಂಗಕ್ಕೆ ವೈತಿ ಅಣ್ಣನೇ ಬೇಕೆಂದು ಆಕೆ ಪಟ್ಟು ಹಿಡಿದರು. ಆ ಚಪ್ಪರದಲ್ಲಿ ಕೇಳಿಸಿದವರನ್ನು ತಿರುಚಿಯವರು, ಮಧುರೆಯವರು ತಾವೇ ಹುಡುಕಿಕೊಂಡು ಬರುತ್ತಿದ್ದರು. ಇಲ್ಲಿಯೂ ಆಗದಿದ್ದರೆ ಇನ್ನು ಮುಂದೆ ನಾಟ್ಯದವರ ಗೆಜ್ಜೆಯ ಹಿಂದೆಯೇ ಗತಿ ಎಂದು ಪಿಳ್ಳೈಗೆ ಗೊತ್ತಿತ್ತು.

ಕಛೇರಿಗೆ ಮೊದಲು ತಟ್ಟಿಯ ಮರೆಯಲ್ಲಿ ಕೂತು ಅವರು ಮೃದಂಗದ ಮಂದ್ರದ ಮುಖಕ್ಕೆ, ನಾದ ತುಂಬಲೆಂದು, ಕಲಸಿದ ರವೆ ಮೆತ್ತುತ್ತಿದ್ದರು. ಪಿಟೀಲಿನ ಸೀತಾಪತಿ ಅಯ್ಯರ್ ಎದುರಿಗೇ ವೀಳ್ಯ ಮೆಲ್ಲುತ್ತಿದ್ದರು. ಉತ್ಸವದ ಯಜಮಾನಿಕೆ ಪಾತ್ರೆ ವ್ಯಾಪಾರಿ ನಾಗಪ್ಪ ಚೆಟ್ಟಿಯಾರದು. ಅವರು ಕೈ ಹೊಸೆಯುತ್ತಾ ಅಯ್ಯರ್ ಬಳಿ ಬಂದರು.

"ಸ್ವಾಮಿ, ಇವತ್ತೊಂದಿನ ಸ್ವಲ್ಪ ಬಲಕ್ಕೆ ಕೂತ್ಕೊಂಡ್ರೆ..."

"ಚೆಟ್ಟಿಯಾರೇ, ನೀವು ಅಂಗಡಿ ಗಲ್ಲಾಪೆಟ್ಟಿಗೇನ ಹಿತ್ತಲಲ್ಲಿ ಇಡ್ತೀರಾ?" ಎಂದರು ಅಯ್ಯರ್. "ಬಲಕ್ಕೆ ಕೂತರೆ ನನ್ನ ಕಮಾನಿನ ಕೈ ಜನರಿಗೆ ಅಡ್ಡ. ಪಿಳ್ಳೈನೇ ಎಲ್ಲರ ಹಾಗೆ ಬಲಕ್ಕೆ ಕೂರಲಿ."

"ಆಗ ಅಣ್ಣನ ನಾದ ಹಿಂದಿನ ಪರದೆಗೆ ಹೋಗುತ್ತೆ ಸ್ವಾಮಿ," ಎಂದರು ಅಲ್ಲೇ ತಂಬೂರಿ ಶ್ರುತಿ ಮಾಡುತ್ತಿದ್ದ ಮರಗತಮ್ಮಾಳ್. "ಪರದೆ ತಲೆದೂಗುತ್ತಾ?"

ಪಿಳ್ಳೈ ರವೆಯ ಕೈ ಒರೆಸಿಕೊಂಡರು. "ಸ್ವಾಮಿಗಳು ಅವರ ಜಾಗದಲ್ಲೇ ಇರಲಿ. ನಾನೂ ಎಡಕ್ಕೇ ಕೂರ್ತೀನಿ, ಅವರ ಬೆನ್ನ ಹಿಂದೆ."

"ಇಬ್ಬರೂ ಒಂದೇ ಕಡೆಯಾ? ಗಾಡಿ ಮಗುಚುತ್ತೆ ಪಿಳ್ಳೈ," ಎಂದರು ಅಯ್ಯರ್.

"ಗಾಡಿ ಹೊಡೆಯೋದು ಮರಗತ. ಮಗುಚಲ್ಲ ಬಿಡಿ."

ಹಾಗೆಯೇ ಕೂತರು. ಮರಗತಮ್ಮಾಳ್ ಬಲಕ್ಕೆ ಖಾಲಿ ಜಮಖಾನ. ಮೃದಂಗದವರು ಇನ್ನೂ ಬಂದಿಲ್ಲವೆಂದುಕೊಂಡ ಮುಂದಿನ ಸಾಲಿನವರು ಬಾಗಿಲ ಕಡೆ ನೋಡುತ್ತಿದ್ದರು. ವರ್ಣ ಶುರುವಾಯಿತು. ಒಂದೊಂದು ಪೆಟ್ಟೂ ಅಯ್ಯರ್ ಕಿವಿಯ ಹಿಂದೆಯೇ ಬೀಳುತ್ತಿತ್ತು. ವರ್ಣ ಬಾಯಿಪಾಠ, ಹೇಗೋ ದಾಟಿತು. ಮುಂದಿನ ಕೃತಿಗೆ ಮರಗತಮ್ಮಾಳ್ ಆಗಿಂದಾಗಲೇ ಕಟ್ಟಿ ಸ್ವರ ಹಾಕತೊಡಗಿದಾಗ ಅಯ್ಯರ್ ಎಡವಿದರು. ಆಕೆ ಹಾಡಿದ್ದನ್ನು ಕೇಳಿಸಿಕೊಂಡರಲ್ಲವೇ ಉತ್ತರ ಕೊಡುವುದು? ಕೊನೆಯ ತುಂಡು ಮೃದಂಗದಲ್ಲಿ ಮುಳುಗಿಹೋಗಿತ್ತು. ಅವರು ನುಡಿಸಿದ್ದು ಬೇರೆಯೇ ಆಯಿತು. ಚಪ್ಪರದಲ್ಲಿ ಯಾರೋ ಕೆಮ್ಮಿದರು, ಯಾರೋ ನಕ್ಕರು.

ಅಯ್ಯರ್ ಕತ್ತು ಕೆಂಪಾದದ್ದು ಹಿಂದಿದ್ದ ಪಿಳ್ಳೈಗೆ ಕಂಡಿತು. ಹೀಗೇ ಬಾರಿಸುತ್ತಾ ಹೋದರೆ ಚಪ್ಪರದ ಕೊನೆಯವರೆಗೂ ತನ್ನ ನಾದ ಮುಟ್ಟುತ್ತದೆ. ಅದಕ್ಕೇ ತಾನೇ ಬಂದದ್ದು. ಆದರೆ ಪಕ್ಕವಾದ್ಯದವನು ಕಛೇರಿಯನ್ನು ಮುಳುಗಿಸಬಾರದು. ಅವರು ಕೈ ಇಳಿಸಿದರು. ಕರಣೆಯ ಮೇಲೆ ಬೆರಳ ತುದಿ ಮಾತ್ರ ಆಡಿತು. ಅಯ್ಯರ್‌ಗೆ ಮರಗತಮ್ಮಾಳ್ ಸ್ವರ ತಿಳಿಯಾಗಿ ಕೇಳಿಸಿತು, ಉತ್ತರ ಸರಿಯಾಗಿ ಬಂತು. ದೂರದಲ್ಲಿ ಕೂತವರಿಗೆ ಮೃದಂಗವೇ ಕೇಳಿಸದಾಯಿತು. ಚೆಟ್ಟಿಯಾರ್ ಕಂಬದ ಬಳಿ ನಿಂತು, ಜೋರಾಗಿ, ಇನ್ನೂ ಜೋರಾಗಿ ಎಂದು ಕೈ ಎತ್ತಿ ಎತ್ತಿ ತೋರಿಸಿದರು. ಪಿಳ್ಳೈ ತಲೆ ಎತ್ತಲಿಲ್ಲ.

ಕೃತಿ ಮುಗಿಯಿತು. ಅಯ್ಯರ್ ಸ್ವಲ್ಪ ಹೊತ್ತು ತಂತಿ ಬಿಗಿಗೊಳಿಸುವವರ ಹಾಗೆ ಕೂತಿದ್ದರು. ಆಮೇಲೆ ಹಿಂದೆ ತಿರುಗಿದರು.

"ಏನ್ ಪಿಳ್ಳೈ, ಸುಮ್ಮನೆ ಸವರ್ತಾ ಇದ್ದೀಯ?"

"ತಮಗೆ ಕೇಳಿಸಬೇಕಲ್ಲ ಸ್ವಾಮಿ."

"ನನಗೆ ಕೇಳಿಸಿತು. ನಿನ್ನದು ಯಾರಿಗೆ ಕೇಳಿಸಿತು?"

ಅಯ್ಯರ್ ಪಿಟೀಲು ಎತ್ತಿಕೊಂಡು ಎದ್ದರು. ಇಡೀ ಚಪ್ಪರ ನೋಡುತ್ತಿದ್ದಂತೆ ಮರಗತಮ್ಮಾಳ್ ಹಿಂದಿನಿಂದ ಸುತ್ತಿ ಹೋಗಿ ಖಾಲಿ ಜಮಖಾನದ ಮೇಲೆ ಕೂತರು. ಕಾಲು ಮಡಿಚಿದರು, ಕಮಾನು ಹಿಡಿದ ಕೈಯನ್ನು ಜನರ ಕಡೆ ಆಡಿಸಿ ನೋಡಿದರು, ಮುಖ ಸಿಂಡರಿಸಿದರು.

"ಆ ಕಡೆ ಗಾಳಿ ಬೀಸುತ್ತೆ ಚೆಟ್ಟಿಯಾರೇ, ಕತ್ತು ಹಿಡೀತದೆ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಆಮೇಲೆ ಮೃದಂಗದ ಕಡೆ ಗಲ್ಲ ಎತ್ತಿದರು. "ಮುಂದೆ ಬಾರಯ್ಯ. ಇನ್ನೂ ಕರೀಬೇಕಾ?"

ಪಿಳ್ಳೈ ಮೃದಂಗವನ್ನು ಮುಂದಕ್ಕೆ ಎಳೆದುಕೊಂಡು ಕೂತರು. ಶ್ರುತಿ ನೋಡಲು ಎಡಗೈಯಲ್ಲಿ ಒಮ್ಮೆ ತಟ್ಟಿದರು. ಹೊರಗೆ ಹೊರಟು ಚಪ್ಪಲಿ ಹುಡುಕುತ್ತಿದ್ದ ಒಂದಿಬ್ಬರು ತಿರುಗಿ ಬಂದು ಕೂತರು.