ಬಲಗೈ ಬ್ರೇಕು

"ಬಲಗೈ ಬ್ರೇಕ್ ಸಡ್ಲ ಮಾಡಿ ಬಿಡಪಾ. ನಮ್ಮ ಹುಡುಗಿ ಹಿಡಿದ್ರೂ ಅದು ಹಿಡೀಬಾರ್ದು ನೋಡು, ಹಂಗ," ಎಂದು ಉಜ್ಜಿನಪ್ಪ ಹೊಸ ಸ್ಕೂಟರಿನ ಹ್ಯಾಂಡಲ್ ಮೇಲೆ ಕೈಯಿಟ್ಟು ನಿಂತಾಗ, ಮೆಕ್ಯಾನಿಕ್ ಶಿವಶಂಕರ ಪಾನಾ ಕೆಳಗಿಟ್ಟ.

"ಇದರಾಗ ಸಡ್ಲ ಮಾಡಾಕ ಏನೂ ಇಲ್ಲ ಕಾಕಾ. ಎಬಿಎಸ್ ಗಾಡಿ. ಎಷ್ಟು ಗಟ್ಟಿ ಹಿಡಿದ್ರೂ ಗಾಲಿ ಜಾಮ್ ಆಗಂಗಿಲ್ಲ. ಅದೂ ಇರಾದು ಬಲಗೈ ಬ್ರೇಕಿನ ಮುಂದಿನ ಗಾಲಿಗಷ್ಟ. ಮುಂದಿಂದು ಹಿಡೀಲಿಲ್ಲಂದ್ರ ಅದು ಇದ್ದೂ ಇಲ್ದಂಗ."

ಉಜ್ಜಿನಪ್ಪನಿಗೆ ಸಿಟ್ಟೇ ಬಂತು. ಕೊಟ್ಟೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಈ ಮನುಷ್ಯನ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಪ್ರಾಯದಲ್ಲಿ ಒಮ್ಮೆ, ಓಡಾಡುವ ಗಾಡಿಗಳೇ ತುಳಿದು ಒಕ್ಕಲಿ ಎಂದು ಯಾರೋ ಡಾಂಬರಿನ ಮೇಲೆ ಹರವಿದ್ದ ಹುರುಳಿ ಬಳ್ಳಿಯ ಮೇಲೆ ಮುಂದಿನ ಬ್ರೇಕು ಹಿಡಿದು ಪಲ್ಟಿ ಹೊಡೆದಿದ್ದ. ಮೋಡ ಕವಿದರೆ ಭುಜದ ಎಲುಬು ಇವತ್ತಿಗೂ ನೋಯುತ್ತದೆ. ಅಂದಿನಿಂದ ಕೊಂಡ ಗಾಡಿಗಳ ಮುಂದಿನ ಬ್ರೇಕನ್ನೆಲ್ಲ ಸಡಿಲ ಮಾಡಿಸಿಯೇ ಮನೆಗೆ ತಂದ. ಓಣಿಯ ಹುಡುಗರಿಗೂ ಅದನ್ನೇ ಹೇಳಿಕೊಟ್ಟ. ಮಗ ಅರುಣಕುಮಾರ್ ಡಿಸ್ಕ್ ಬ್ರೇಕಿನ ಬೈಕು ತಂದಾಗ ಅದನ್ನು ಸಡಿಲ ಮಾಡಿಸಲು ಆಗಲಿಲ್ಲ. ಅದಕ್ಕೇ ಕೊಟ್ಟೂರೇಶನ ಗುಡಿ ಮುಂದೆ ನಿಲ್ಲಿಸಿ, ಕೈ ಬ್ರೇಕು ಮುಟ್ಟುವುದಿಲ್ಲ, ಹಿಂದಿನ ಗಾಲಿಯ ಕಾಲು ಬ್ರೇಕನ್ನಷ್ಟೇ ಒತ್ತುತ್ತೇನೆ ಎಂದು ಆಣೆ ಮಾಡಿಸಿಕೊಂಡಿದ್ದ. ಹುಡುಗ ನಗುನಗುತ್ತಲೇ ಆಣೆ ಮಾಡಿದ್ದ.

ಆ ಮಗ ಹೋದ ವರ್ಷ ಕೂಡ್ಲಿಗಿ ರಸ್ತೆಯಲ್ಲಿ, ಅಡ್ಡ ತಿರುಗಿದ ಟ್ರ್ಯಾಕ್ಟರಿನ ಟ್ರೇಲರಿಗೆ ಗುದ್ದಿ ತೀರಿಕೊಂಡ. ಜೋರು ಬಂದಿದ್ದ ಎಂದವರ ಜೊತೆಗೆಲ್ಲ ಉಜ್ಜಿನಪ್ಪ ಜಗಳವಾಡಿದ. ಕೊನೆಗೆ ಹಣೆಬರಹ ಎಂದು ಬಾಯಿ ಮುಚ್ಚಿಕೊಂಡ. ಈಗ ಮಗಳು ಅಮೃತಾಳಿಗೆ ಕೂಡ್ಲಿಗಿಯಲ್ಲಿ ನರ್ಸ್ ಕೆಲಸ ಸಿಕ್ಕಿದೆ. ನಾಳೆಯಿಂದ ಅವಳಿಗೂ ಅದೇ ರಸ್ತೆ. ಉಳಿದಿರುವವಳು ಅವಳೊಬ್ಬಳೇ. ಅಣ್ಣ ಮಾಡಿದ ಆಣೆಯನ್ನೇ ಮಾಡು, ಇಲ್ಲದಿದ್ದರೆ ಕೀಲಿ ಕೊಡುವುದಿಲ್ಲ ಎಂದು ಪಟ್ಟು ಹಿಡಿದ.

ಅಮೃತಾ ಆಣೆ ಮಾಡಲಿಲ್ಲ, ಜಗಳವನ್ನೂ ಆಡಲಿಲ್ಲ. ಹಿಂದೆ ಕೂತು ಒಂದು ಸಲ ನೋಡು, ಆಮೇಲೆ ನೀನು ಹೇಳಿದಂತಾಗಲಿ ಎಂದು ಅಪ್ಪನನ್ನು ಹತ್ತಿಸಿಕೊಂಡು ಉಜ್ಜಿನಿ ಕಡೆ ಹೊರಟಳು.

ಊರು ದಾಟಿದ ಮೇಲೆ ಜಾಲಿ ಗಿಡಗಳ ಮರೆಯಿಂದ ಕುರಿ ಹಿಂಡೊಂದು ಒಮ್ಮೆಲೇ ರಸ್ತೆಗೆ ನುಗ್ಗಿತು. ಉಜ್ಜಿನಪ್ಪ ಕಣ್ಣು ಮುಚ್ಚಿದ. ಸ್ಕೂಟರಿನ ಮುಂಭಾಗ ಟರ್ರೆಂದು ನಡುಗಿತು, ಅವನ ಎದೆ ಮಗಳ ಬೆನ್ನಿಗೆ ಒತ್ತಿತು, ಅಷ್ಟೇ. ಕಣ್ಣು ಬಿಟ್ಟಾಗ ಗಾಡಿ ನೆಟ್ಟಗೆ ನಿಂತಿತ್ತು. ಟಗರೊಂದು ಮುಂದಿನ ಗಾಲಿ ಮೂಸಿ ತನ್ನ ಪಾಡಿಗೆ ಹೋಯಿತು. ಕೋಲೆತ್ತಿಕೊಂಡು ಓಡಿಬಂದ ಕುರಿಗಾರ, ಯಾರಿಗೂ ಏನೂ ಆಗಿಲ್ಲವೆಂದು ಕಂಡು ಮೈಲಾರಲಿಂಗನಿಗೆ ಕೈಮುಗಿದ.

"ಯಾವುದು ಹಿಡದೆವ್ವಾ?" ಎಂದ ಉಜ್ಜಿನಪ್ಪ.

"ಎರಡೂ ಹಿಡದೆ ಅಪ್ಪಾ. ಬಲಗೈದು ಗಟ್ಟಿ ಹಿಡದೆ."

ಅವನು ಇಳಿದು, ಬಂದ ದಾರಿಯನ್ನು ನೋಡಿದ. ರಸ್ತೆಯ ಮೇಲೆ ಒಂದು ಗುರುತೂ ಇರಲಿಲ್ಲ. ಮಗ ಬಿದ್ದ ಜಾಗದಲ್ಲಿ ಹಿಂದಿನ ಗಾಲಿಯೊಂದೇ ಉಜ್ಜಿಕೊಂಡು ಹೋದ ಕಪ್ಪು ಗೆರೆಯಿತ್ತು, ಉದ್ದಕ್ಕೆ, ಟ್ರೇಲರಿನ ತನಕ. ಜೋರು ಬಂದಿದ್ದ ಎನ್ನುವುದಕ್ಕೆ ಜನ ತೋರಿಸಿದ್ದು ಅದನ್ನೇ. ಮೂರನೆಯ ದಿನ ಅವನೊಬ್ಬನೇ ಹೋಗಿ ಆ ಗೆರೆಯ ಪಕ್ಕದಲ್ಲೇ ನಡೆದುಬಂದಿದ್ದ. ಆಗ ಏನೂ ತಿಳಿದಿರಲಿಲ್ಲ.

ವಾಪಸು ಬಂದವನು ಮನೆಗೆ ಹೋಗದೆ ಶಿವಶಂಕರನನ್ನು ಗಿರಣಿಯ ಹಿತ್ತಲಿಗೆ ಕರೆದೊಯ್ದ. ಮುಂದಿನ ಗಾಲಿ ಸೊಟ್ಟಗಾದ ಮಗನ ಬೈಕು ಅಲ್ಲಿ ಗೋಣಿತಾಟು ಹೊದ್ದು ನಿಂತಿತ್ತು. ಮುಂದಿನ ಬ್ರೇಕು ಬಿಚ್ಚು ಎಂದ. ಶಿವಶಂಕರ ಬಿಚ್ಚಿ, ಬ್ರೇಕ್ ಪ್ಯಾಡಿನ ಧೂಳನ್ನು ಅರಿವೆಯಿಂದ ಒರೆಸಿ, ಕೊಡಲೋ ಬೇಡವೋ ಎಂಬಂತೆ ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡ.

"ಎಷ್ಟು ವರ್ಷ ಓಡಿಸ್ಯಾನ ಕಾಕಾ?"

"ನಾಕು."

"ಸವದೇ ಇಲ್ಲ," ಎಂದ ಶಿವಶಂಕರ ಮೆಲ್ಲಗೆ. "ಹೊಸಾದು ಇದ್ದಂಗ ಐತಿ."

"ಹ್ಞೂಂ. ಆಣಿ ಮಾಡಿದ್ನಲ್ಲಪಾ," ಎಂದು ಉಜ್ಜಿನಪ್ಪ ಅಲ್ಲೇ ನೆಲಕ್ಕೆ ಕುಸಿದು ಕೂತ. ಮಗನನ್ನು ಮಣ್ಣು ಮಾಡಿದ ದಿನವೂ ಅವನು ಹಾಗೆ ಅತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅಮೃತಾ ಹೊರಟು ನಿಂತಾಗ ಅವನೇ ಕೀಲಿ ತಂದು ಕೊಟ್ಟ.

"ಯಾವ ಆಣೀನೂ ಬ್ಯಾಡವ್ವಾ. ಎರಡೂ ಹಿಡಿ."

ಅಪ್ಪನ ಕೆಂಪಗಾದ ಕಣ್ಣು ನೋಡಿ ಅವಳು ತಲೆಯಾಡಿಸಿ ಹೊರಟಳು. ಉಜ್ಜಿನಪ್ಪ ಗಿರಣಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ತಿರುವಿನಲ್ಲಿ ಎತ್ತಿನ ಗಾಡಿಯೊಂದು ಎದುರಾಗಿ ಸ್ಕೂಟರಿನ ಹಿಂದಿನ ಕೆಂಪು ದೀಪ ಹೊತ್ತಿಕೊಂಡಿತು. ಅಂಗಿಯ ಪಕ್ಕದ ಜೇಬಿನಲ್ಲಿ ಸವೆಯದ ಪ್ಯಾಡಿನ ಮೇಲೆ ಅವನ ಬಲಗೈಯ ಬೆರಳುಗಳು ಮೆಲ್ಲಗೆ ಮಡಚಿಕೊಂಡವು. ಅವಳು ಕಣ್ಮರೆಯಾದ ಮೇಲೂ ಅವನು ಹಿಡಿತ ಬಿಡಲಿಲ್ಲ.