ಹಿನ್ನೀರಿನ ನಡುವೆ ಜಾರಿದ ರಬ್ಬರ್ ಬೂಟು

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಅಶ್ವಥ್‌ನ ಗ್ಯಾರೇಜಿತ್ತು. ಕಾರ್ಖಾನೆಗಳು ಬಂದ ಮೇಲೆ ಜನರೇಟರು, ಫೋರ್ಕ್‌ಲಿಫ್ಟು ಎಲ್ಲ ಬಿಚ್ಚಿ ಜೋಡಿಸಿದ್ದ. ದೋಣಿ ಮಾತ್ರ ಇದೇ ಮೊದಲು. ಮಂಚನಬೆಲೆ ಹಿನ್ನೀರಿನ ದಡದ ರೆಸಾರ್ಟೊಂದರ ಮೋಟರ್ ದೋಣಿಗೆ ಹಿಂಬದಿಯಿಂದ ನೀರು ಬರುತ್ತಿತ್ತು. ಅದರ ಎಂಜಿನ್ನು ಒಳಗೆ, ನೀರು ತಳ್ಳುವ ಫ್ಯಾನು ಹೊರಗೆ. ನಡುವೆ ಶಾಫ್ಟು ಹಾಯುವ ಕಡೆ ನೀರು ನುಗ್ಗದಂತೆ ದಪ್ಪ ರಬ್ಬರ್ ಬೂಟು. ಅದು ಸೀಳಿಹೋಗಿತ್ತು. ಅಶ್ವಥ್ ಹೊಸದು ತೊಡಿಸಿ ಎರಡು ತುದಿಗೂ ಕ್ಲಿಪ್ಪು ಬಿಗಿದ. ಬೂಟು ಕೂರುವುದು ದೋಣಿಯ ಹೊರಮೈಗೆ; ದೋಣಿಯ ಕಡೆಗಿರುವ ಒಳತುದಿ ಕಣ್ಣಿಗೆ ಕಾಣುತ್ತಿರಲಿಲ್ಲ. ಬೆರಳಲ್ಲಿ ಸವರಿ, ಸರಿಯಾಗಿ ಕೂತಿದೆ ಅಂದುಕೊಂಡ.

ದೋಣಿಯನ್ನು ನೀರಿಗಿಳಿಸಿ, ದಡಕ್ಕೆ ಕಟ್ಟಿ ಎಂಜಿನ್ನು ಓಡಿಸಿದರು. ಒಂದು ಹನಿ ಒಳಗೆ ಬರಲಿಲ್ಲ. ಭಾನುವಾರವೆಂದು ಅಶ್ವಥ್‌ನ ಹೆಂಡತಿ ನವ್ಯಶ್ರೀ, ಮಗಳು ಪುಟ್ಟಿ ಜೊತೆಗೆ ಬಂದಿದ್ದರು. ಪುಟ್ಟಿ ದೋಣಿ ಹತ್ತಬೇಕೆಂದು ಹಟ ಹಿಡಿದಳು.

"ಹತ್ತಿಸ್ಕಳಪ್ಪ, ಒಂದು ಸುತ್ತು ಹೊಡ್ಕಂಡು ಬಂದ್ಬುಡಾನ," ಎಂದ, ದೋಣಿ ನಡೆಸುವ ಅಂಕಯ್ಯ.

ಇದ್ದ ಎರಡು ಲೈಫ್ ಜಾಕೆಟ್ಟನ್ನು ತಾಯಿ ಮಗಳಿಗೆ ತೊಡಿಸಿದರು.

ನಡುನೀರಿಗೆ ಬಂದಾಗ ಅಂಕಯ್ಯ ದೋಣಿಯನ್ನು ಜೋರಾಗಿ ತಿರುಗಿಸಿದ. ಹಿಂದೆ ಏನೋ ಪಟ್ಟೆಂದಿತು. ಅಶ್ವಥ್ ಎಂಜಿನ್ನಿನ ಮುಚ್ಚಳ ಎತ್ತಿದ. ಹೊರಗೆ ಬೂಟಿನ ಒಳತುದಿ ಜಾರಿರಬೇಕು; ನೀರು ಬುಗ್ಗೆಯ ಹಾಗೆ ಒಳಕ್ಕೆ ಉಕ್ಕುತ್ತಿತ್ತು.

"ದಡಕ್ಕೆ ಓಡ್ಸು ಅಂಕಯ್ಯಣ್ಣ!"

ಅಂಕಯ್ಯ ವೇಗ ಕೊಟ್ಟ. ಎಂಜಿನ್ನಿನ ತಿರುಗುವ ಬೆಲ್ಟು ಒಳಗೆ ತುಂಬಿದ್ದ ನೀರನ್ನೆಲ್ಲ ಅದರ ಮೇಲೇ ಎರಚಿತು. ಎರಡು ಸಲ ಕೆಮ್ಮಿ ಎಂಜಿನ್ನು ನಿಂತುಹೋಯಿತು. ಸುತ್ತ ಸದ್ದೇ ಇಲ್ಲ. ದೂರದ ದಡದಲ್ಲಿ ಒಂದು ಎಮ್ಮೆ ಮಾತ್ರ ಕಾಣುತ್ತಿತ್ತು. ಅಶ್ವಥ್ ಮೊಬೈಲ್ ತೆಗೆದ, ಸಿಗ್ನಲ್ ಇರಲಿಲ್ಲ.

ನೀರು ಪುಟ್ಟಿಯ ಪಾದ ಮುಟ್ಟಿತು. ಅವಳು ಅಳಲಿಲ್ಲ, ಕಾಲು ಎತ್ತಿಕೊಂಡು ಅಪ್ಪನ ಮುಖವನ್ನೇ ನೋಡಿದಳು.

"ನಾನ್ ಇಳೀತೀನಿ," ಎಂದ ಅಂಕಯ್ಯ.

"ಎಲ್ಲಿ ಒತ್ತಬೇಕು ಅಂತ ನಿಂಗೆ ತಿಳಿಯಾಕಿಲ್ಲ ಕಣಣ್ಣ. ನಾನೇ ಇಳೀಬೇಕು. ಆದ್ರೆ ನಂಗೆ ಈಜು ಬರಾಕಿಲ್ಲ."

ಅಂಕಯ್ಯ ದೋಣಿ ಕಟ್ಟುವ ಹಗ್ಗವನ್ನು ಅವನ ಸೊಂಟಕ್ಕೆ ಬಿಗಿದ. "ಪ್ರಾಣ ಹೋದ್ರೂ ಬುಡಾಕಿಲ್ಲ. ಇಳಿ."

ನವ್ಯಶ್ರೀ ತನ್ನ ಜಾಕೆಟ್ಟು ಬಿಚ್ಚಲು ಹೋದಳು. "ಬ್ಯಾಡ, ಅದು ಮೇಲಕ್ಕೇ ಎತ್ತುತ್ತೆ, ಕೆಳಗೆ ಹೋಗಕ್ಕಾಗಲ್ಲ," ಎಂದ ಅಶ್ವಥ್. ಅವಳು ಊಟದ ಡಬ್ಬಿ ತೆಗೆದು, ಅನ್ನ ಸುರಿದು, ನೀರು ಮೊಗೆಯತೊಡಗಿದಳು.

ಅಶ್ವಥ್ ತನ್ನ ಸಾಮಾನಿನ ಚೀಲದಲ್ಲಿದ್ದ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ನೀರಿಗಿಳಿದ. ತಣ್ಣೀರು ಎದೆಗೆ ಬಂದಾಗ ಉಸಿರೇ ಸಿಕ್ಕಿಕೊಂಡಿತು. ಕಾಲ ಕೆಳಗೆ ಏನೂ ಇಲ್ಲ. ಫ್ಯಾನಿನ ಮೇಲಿನ ಕಬ್ಬಿಣವನ್ನು ತಬ್ಬಿ ತಲೆ ಮುಳುಗಿಸಿದ. ಕತ್ತಲೆ. ಬೂಟಿನ ತುದಿ ಬೆರಳಿಗೆ ಸಿಕ್ಕಿತು, ಜಾರಿತು. ಕಿವಿಯೊಳಗೆ ಡಬಡಬನೆ ಎದೆಯ ಸದ್ದು. ದೋಣಿಯ ಅಂಚು ತಲೆಗೆ ಬಡಿಯಿತು. ನೀರು ಕುಡಿದು ಮೇಲೆದ್ದ, ಕೂಗಲೂ ಆಗಲಿಲ್ಲ. ಅಂಕಯ್ಯ ಹಗ್ಗ ಎಳೆದು ಹಿಡಿದುಕೊಂಡ.

"ಸಾಕು, ಹತ್ತಿ ಬನ್ರೀ!" ನವ್ಯಶ್ರೀ ಕಿರುಚಿದಳು.

ಹತ್ತಿದರೆ ಮತ್ತೆ ಇಳಿಯುವ ಧೈರ್ಯ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕಣ್ಣು ಮುಚ್ಚಿ ಮತ್ತೆ ಮುಳುಗಿದ. ಈ ಸಲ ರಬ್ಬರಿನ ತುದಿಯನ್ನು ಎರಡೂ ಹೆಬ್ಬೆರಳಲ್ಲಿ ಒತ್ತಿ ಅದು ಕೂರುವ ಕೊಳವೆಯ ಉಬ್ಬಿದ ಅಂಚಿನ ಆಚೆಗೆ ದಾಟಿಸಿದ. ಮೇಲೆದ್ದು ಉಸಿರು ತೆಗೆದುಕೊಂಡ, ಮುಳುಗಿ ಪಟ್ಟಿ ಸುತ್ತಿದ, ಮತ್ತೆ ಎದ್ದ, ಗಂಟು ಹಾಕಿದ. ಕೈ ಯಾವುದು, ರಬ್ಬರ್ ಯಾವುದು ಎನ್ನುವುದೇ ತಿಳಿಯದಷ್ಟು ಬೆರಳು ಮರಗಟ್ಟಿತ್ತು.

"ಕಮ್ಮಿ ಆಯ್ತು! ಒಸಿ ಜಿನುಗ್ತಾ ಐತೆ, ಅಷ್ಟೆ!" ಎಂದು ಮೇಲಿನಿಂದ ಅಂಕಯ್ಯ ಕೂಗಿದ.

ಅಶ್ವಥ್‌ನನ್ನು ಒಳಕ್ಕೆ ಎಳೆದುಕೊಂಡರು. ಅಂಕಯ್ಯ ಕೂರುವ ಹಲಗೆ ಕಿತ್ತು ಅದರಲ್ಲೇ ಹುಟ್ಟು ಹಾಕಿದ. ಗಂಡ ಹೆಂಡತಿ ನೀರು ಮೊಗೆಯುತ್ತಲೇ ಇದ್ದರು. ಕೊನೆಗೆ ದೋಣಿ ದಡದ ಬಂಡೆಗೆ ತಾಕಿತು.

ರೆಸಾರ್ಟಿನ ಮ್ಯಾನೇಜರ್ ಓಡಿ ಬಂದ. "ಮುಂದಿನ ಭಾನುವಾರ ಕಂಪನಿ ಜನ ಬರ್ತಾರೆ. ಅಷ್ಟರಲ್ಲಿ ಬಿಗಿದುಕೊಡಿ."

ಅಶ್ವಥ್ ದೋಣಿಯನ್ನು ದಡಕ್ಕೆ ಎಳೆಸಿದ. ಫ್ಯಾನಿರುವ ಹಿಂಭಾಗವನ್ನು ಪೂರ್ತಿ ಬಿಚ್ಚಿ, ಅಂಕಯ್ಯನ ಜೊತೆ ಎತ್ತಿ ತನ್ನ ಟೆಂಪೋಗೆ ಹಾಕಿದ.

"ಇದು ನನ್ ಗ್ಯಾರೇಜಲ್ಲಿರ್ಲಿ ಸಾರ್. ಕಣ್ಣಲ್ಲಿ ನೋಡಿ ಬಿಗಿದ ಮೇಲೇ ತಂದ್ಕೊಡ್ತೀನಿ."

ಮ್ಯಾನೇಜರ್ ರೇಗಿದ. ಅಂಕಯ್ಯ, "ಅಲ್ಲೀತಂಕ ನಾನೂ ಓಡ್ಸಾಕಿಲ್ಲ," ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

ಟೆಂಪೋದಲ್ಲಿ ಕೂತ ಮೇಲೆ ಅಶ್ವಥ್ ಎರಡು ಸಲ ಚುಚ್ಚಿದರೂ ಕೀಲಿ ತೂತಿಗೆ ಹೋಗಲಿಲ್ಲ. ನವ್ಯಶ್ರೀ ಅವನ ಮಣಿಕಟ್ಟು ಹಿಡಿದಳು. "ಒಸಿ ಹೊತ್ತು ಇಲ್ಲೇ ಕೂತಿರೋಣ," ಎಂದಳು. ಕೂತರು.